ದೇಹದ ಜಮಾಖರ್ಚು

ವೈದ್ಯಶಾಸ್ತ್ರವನ್ನು ಕುರಿತು ಕನ್ನಡ ಪಂಡಿತನೊಬ್ಬ ಮಾತನಾಡಲು ಹೊರಟರೆ ಕೇಳುವವರ ಹುಬ್ಬು ಮೇಲೇರುವುದು ಸಹಜ. ಆದರೆ ನಾನು ಹೊರಡುವುದು ನನಗೆ ಪರಿಚಯವಿರುವ ಸ್ಥಳದಿಂದಲೇ, ಎಂದರೆ ಒಂದು ಪದದಿಂದ. ಇಂಗ್ಲಿಷಿನವರು ಮೆಟಬಾಲಿಸಂ ಎಂದು ಕರೆಯುವ ದೇಹವ್ಯಾಪಾರಕ್ಕೆ ನಮ್ಮ ವಿಜ್ಞಾನ ಲೇಖಕರು 'ಚಯಾಪಚಯ' ಎಂಬ ಹೆಸರನ್ನು ಕೊಟ್ಟಿದ್ದಾರೆ. ಚಯವೆಂದರೆ ಕೂಡಿಡುವುದು, ಅಪಚಯವೆಂದರೆ ಕರಗಿಸುವುದು. ಅಂಗಡಿಯ ಮಾತಿನಲ್ಲಿ ಹೇಳುವುದಾದರೆ ಜಮಾಖರ್ಚು. ಉಂಡ ಅನ್ನದಲ್ಲಿ ಎಷ್ಟನ್ನು ಇಂದೇ ಉರಿಸಬೇಕು, ಎಷ್ಟನ್ನು ನಾಳೆಗೆ ಇಟ್ಟುಕೊಳ್ಳಬೇಕು, ಇಡುವುದನ್ನು ಎಲ್ಲಿ ಇಡಬೇಕು ಎಂಬ ಲೆಕ್ಕವನ್ನು ದೇಹವು ನಾವು ನಿದ್ದೆಯಲ್ಲಿದ್ದಾಗಲೂ ಬರೆಯುತ್ತಿರುತ್ತದೆ. ಈ ಲೆಕ್ಕ ಏರುಪೇರಾದಾಗ ಒಟ್ಟೊಟ್ಟಿಗೆ ತಲೆದೋರುವ ಐದು ಕುರುಹುಗಳ ಗುಂಪನ್ನು ವೈದ್ಯರು 'ಚಯಾಪಚಯ ಲಕ್ಷಣಕೂಟ' ಎನ್ನುತ್ತಾರೆ. ಹೆಸರು ತುಸು ಉದ್ದವಾಯಿತು. ವಿಷಯ ಮಾತ್ರ ನಮ್ಮ ನಿಮ್ಮ ಮನೆಯ ಅಡುಗೆಮನೆಯಲ್ಲೂ ಜಗಲಿಯಲ್ಲೂ ಇರುವಂಥದೇ.

ಈ ಕೂಟಕ್ಕೆ ನೋವಿಲ್ಲ, ಜ್ವರವಿಲ್ಲ, ಕೆಮ್ಮಿಲ್ಲ. ಸಕ್ಕರೆ ಕಾಯಿಲೆ ಮತ್ತು ಹೃದ್ರೋಗಗಳೆಂಬ ಇಬ್ಬರು ದೊಡ್ಡ ಅತಿಥಿಗಳು ತಾವು ಬರುವುದಕ್ಕೆ ಹಲವು ವರ್ಷ ಮೊದಲೇ ಕಳುಹಿಸುವ ಓಲೆ ಅದು. ಓಲೆಯನ್ನು ಒಡೆದು ಓದಿಕೊಂಡವರು ಆ ಅತಿಥಿಗಳನ್ನು ಬಹುಮಟ್ಟಿಗೆ ಬಾಗಿಲ ಹೊರಗೇ ನಿಲ್ಲಿಸಬಹುದು, ಇಲ್ಲವೆ ಅವರ ಬರವನ್ನು ಎಷ್ಟೋ ವರ್ಷ ಮುಂದಕ್ಕೆ ಹಾಕಬಹುದು. ಓಲೆ ಬರುವುದೂ ನಿಜ, ಅದಕ್ಕೆ ಉತ್ತರ ಬರೆಯಲು ಕಾಲವಿರುವುದೂ ನಿಜ. ಇಂದು ನಾನು ಹೇಳಬೇಕಾದ ಮಾತು ಇಷ್ಟೇ. ಉಳಿದದ್ದೆಲ್ಲ ಅದರ ವಿವರಣೆ.

ಆ ಐದು ಕುರುಹುಗಳು ಯಾವುವೆಂಬುದನ್ನು ಕಾಗದ ಪೆನ್ಸಿಲು ಹಿಡಿದು ಬರೆದುಕೊಳ್ಳಿ. ಮೊದಲನೆಯದು ಸೊಂಟದ ಸುತ್ತಳತೆ. ನಮ್ಮ ದೇಶದ ಗಂಡಸರಲ್ಲಿ ಅದು ೯೦ ಸೆಂಟಿಮೀಟರ್, ಹೆಂಗಸರಲ್ಲಿ ೮೦ ಸೆಂಟಿಮೀಟರ್ ಮುಟ್ಟಿದರೆ ಒಂದು ಗುರುತು ಹಾಕಬೇಕು. ಇಂಚಿನ ಲೆಕ್ಕದಲ್ಲಿ ಸುಮಾರು ಮೂವತ್ತೈದೂವರೆ ಮತ್ತು ಮೂವತ್ತೊಂದೂವರೆ. ಎರಡನೆಯದು ರಕ್ತದೊತ್ತಡ, ಮೇಲಿನ ಅಂಕಿ ೧೩೦ನ್ನಾಗಲಿ ಕೆಳಗಿನ ಅಂಕಿ ೮೫ನ್ನಾಗಲಿ ಮುಟ್ಟಿದ್ದರೆ ಇನ್ನೊಂದು ಗುರುತು. ಮೂರನೆಯದು ಬೆಳಗಿನ ಬರಿಹೊಟ್ಟೆಯಲ್ಲಿ ತೆಗೆದ ರಕ್ತದ ಸಕ್ಕರೆ. ಡೆಸಿಲೀಟರಿಗೆ ೧೦೦ ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು. ನಾಲ್ಕನೆಯದು ರಕ್ತದಲ್ಲಿ ತೇಲುವ ಟ್ರೈಗ್ಲಿಸರೈಡ್ ಎಂಬ ಕೊಬ್ಬು. ಅದು ೧೫೦ ಅಥವಾ ಹೆಚ್ಚು. ಐದನೆಯದು ಎಚ್.ಡಿ.ಎಲ್. ಎಂಬ ಒಳ್ಳೆಯ ಕೊಲೆಸ್ಟರಾಲು. ಇದು ಮಾತ್ರ ಹೆಚ್ಚಿರಬೇಕು. ಗಂಡಸರಲ್ಲಿ ೪೦ಕ್ಕಿಂತ, ಹೆಂಗಸರಲ್ಲಿ ೫೦ಕ್ಕಿಂತ ಕಡಿಮೆಯಾದರೆ ಗುರುತು. ಮಾತ್ರೆಯ ಬಲದಿಂದ ಅಂಕಿ ಇಳಿದಿರುವವರು ಕೂಡ ಆ ಕುರುಹು ತಮಗುಂಟೆಂದೇ ಎಣಿಸಿಕೊಳ್ಳಬೇಕು. ಐದರಲ್ಲಿ ಯಾವ ಮೂರಿದ್ದರೂ ಕೂಟ ನೆರೆಯಿತೆಂದು ಅರ್ಥ. ೨೦೦೯ರಲ್ಲಿ ಹಲವು ಅಂತರರಾಷ್ಟ್ರೀಯ ವೈದ್ಯಸಂಸ್ಥೆಗಳು ಕೂಡಿ ಕುಳಿತು ಈ ಲೆಕ್ಕಕ್ಕೆ ಒಮ್ಮತ ಸೂಚಿಸಿದವು. ಕೂಟ ನೆರೆದವರಿಗೆ ಉಳಿದವರಿಗಿಂತ ಹೃದ್ರೋಗದ ಸಂಭವ ಸುಮಾರು ಎರಡು ಪಟ್ಟು, ಸಕ್ಕರೆ ಕಾಯಿಲೆಯ ಸಂಭವ ಸುಮಾರು ಐದು ಪಟ್ಟು ಎಂದು ಬಲ್ಲವರ ಅಂದಾಜು.

"ಒಂದೊಂದಕ್ಕೂ ಬೇರೆ ಬೇರೆ ಹೆಸರಿರುವಾಗ ಕೂಟವೆಂಬ ಹೊಸ ಹೆಸರೇಕೆ?" ಎಂದು ನೀವು ಕೇಳಬಹುದು. ಕೇಳಿದವರುಂಟು. ೨೦೦೫ರಲ್ಲಿ ಅಮೆರಿಕ ಮತ್ತು ಯೂರೋಪಿನ ಮಧುಮೇಹ ಸಂಘಗಳ ವಿದ್ವಾಂಸರೇ ಈ ಪ್ರಶ್ನೆಯನ್ನೆತ್ತಿ, ಒಂದೊಂದು ಕುರುಹಿಗೂ ತಕ್ಕ ಚಿಕಿತ್ಸೆ ಕೊಟ್ಟರೆ ಸಾಲದೆ ಎಂದು ವಾದಿಸಿದರು. ವೈದ್ಯರ ಮಟ್ಟಿಗೆ ಆ ವಾದದಲ್ಲಿ ಹುರುಳಿದೆ. ಗೃಹಸ್ಥರ ಮಟ್ಟಿಗೆ ಮಾತ್ರ ಹೆಸರಿನಿಂದ ಒಂದು ದೊಡ್ಡ ಉಪಕಾರವಾಗಿದೆ. ಅದು ಕೂಡಿಸುವುದನ್ನು ಕಲಿಸುತ್ತದೆ.

ಇದಕ್ಕೊಂದು ನಿದರ್ಶನ ಕೊಡುತ್ತೇನೆ. ನಮ್ಮೊಡನೆ ಗಣಿತ ಕಲಿಸುತ್ತಿದ್ದ ಮೇಷ್ಟರೊಬ್ಬರಿದ್ದರು. ಶಾಲೆಯ ಲೆಕ್ಕಪತ್ರದಲ್ಲಿ ಒಂದು ರೂಪಾಯಿ ತಪ್ಪಿದರೂ ಅದು ಯಾವ ಪುಟದಲ್ಲಿ ಜಾರಿತೆಂದು ಹುಡುಕಿ ತೆಗೆಯುವವರು. ಕನ್ನಡಕ ಬದಲಾಯಿಸಲು ಹೋದಾಗ ಯಾರೋ ರಕ್ತದೊತ್ತಡ ನೋಡಿ 'ಸ್ವಲ್ಪ ಹೆಚ್ಚು' ಎಂದಿದ್ದರು. ವಿಮೆಗಾಗಿ ಪರೀಕ್ಷೆ ಮಾಡಿಸಿದಾಗ ಸಕ್ಕರೆ 'ಸ್ವಲ್ಪ ಹೆಚ್ಚು'. ಮಗಳ ಮದುವೆಯ ವರುಷ ಇನ್ನೆಲ್ಲಿಯೋ ಕೊಬ್ಬು 'ಸ್ವಲ್ಪ ಹೆಚ್ಚು'. ಹೊಟ್ಟೆಯನ್ನಂತೂ ಯಾರೂ ಅಳೆದಿರಲಿಲ್ಲ. ಅದು ಅನುಕೂಲಸ್ಥರ ಲಕ್ಷಣವೆಂದು ನಾವೆಲ್ಲ ನಗೆಯಾಡುತ್ತಿದ್ದೆವು. ಪರೀಕ್ಷೆಯ ಉತ್ತರಪತ್ರಿಕೆಗಳ ಮೌಲ್ಯಮಾಪನ ಮುಗಿಸಿ ಬಂದ ವಾರದಲ್ಲಿ, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡರು. ಮುಂದೆ ಒಂದು ದಿನ ಅವರ ಮನೆಯಾಕೆ ಕಾಗದಗಳ ಕಟ್ಟನ್ನು ನಮ್ಮ ಮುಂದಿಟ್ಟರು. ಒಂದೊಂದು ಚೀಟಿಯೂ ಒಂದೊಂದು ಲಕೋಟೆಯಲ್ಲಿ ಭದ್ರವಾಗಿತ್ತು. ಎಲ್ಲ ಅಂಕಿಗಳೂ ಇದ್ದವು. ಅವುಗಳ ಕೆಳಗೆ ಗೆರೆ ಎಳೆದು ಯಾರೂ ಮೊತ್ತ ಹಾಕಿರಲಿಲ್ಲ. ನಾಲ್ಕು 'ಸ್ವಲ್ಪ'ಗಳು ಕೂಡಿದರೆ ಆ ಮೊತ್ತವನ್ನು ಸ್ವಲ್ಪವೆನ್ನಲಾಗದು. ಲಕ್ಷಣಕೂಟವೆಂಬ ಹೆಸರು ನಮಗೆ ನೆನಪಿಸುವುದು ಇದನ್ನೇ.

ಈ ಮೊತ್ತವನ್ನು ವೈದ್ಯಲೋಕ ಕಂಡುಕೊಂಡದ್ದೂ ಒಮ್ಮೆಗೇ ಅಲ್ಲ. ೧೯೨೩ರಲ್ಲಿ ಸ್ವೀಡನ್ ದೇಶದ ಕೀಲಿನ್ ಎಂಬ ವೈದ್ಯರು ರಕ್ತದೊತ್ತಡವೂ ಸಕ್ಕರೆಯೂ ಒಬ್ಬನಲ್ಲೇ ಜೊತೆಗೂಡಿ ಏರುವುದನ್ನು ಗುರುತಿಸಿದರು. ೧೯೪೭ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದ ಜಾನ್ ವಾಗ್ ಎಂಬುವರು, ಎಷ್ಟು ಕೊಬ್ಬು ಇದೆ ಎಂಬುದಕ್ಕಿಂತ ಅದು ದೇಹದಲ್ಲಿ ಎಲ್ಲಿ ಶೇಖರವಾಗಿದೆ ಎಂಬುದು ಮುಖ್ಯವೆಂದು ತೋರಿಸಿದರು. ತೊಡೆ ನಿತಂಬಗಳ ಕೊಬ್ಬು ಅಷ್ಟು ಕೇಡಿನದಲ್ಲ. ಹೊಟ್ಟೆಯ ಕೊಬ್ಬು ಕೇಡಿನದು. ೧೯೮೮ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ಎಂಬುವರು ತಮ್ಮ ಪ್ರಸಿದ್ಧ ಉಪನ್ಯಾಸವೊಂದರಲ್ಲಿ ಈ ಎಳೆಗಳನ್ನೆಲ್ಲ ಹೊಸೆದು, ಇವುಗಳ ಬೇರು ಇನ್ಸುಲಿನ್ನಿನ ಮಾತಿಗೆ ದೇಹ ಕಿವುಡಾಗುವುದರಲ್ಲಿದೆ ಎಂದು ಪ್ರತಿಪಾದಿಸಿದರು.

ಆ ಕಿವುಡುತನವೆಂದರೇನು? ಶಾಲೆಯ ಮೇಷ್ಟರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ. ಇನ್ಸುಲಿನ್ ಎಂಬುದು ಹೊಟ್ಟೆಯ ಹಿಂದೆ ಅಡಗಿರುವ ಮೇದೋಜೀರಕ ಗ್ರಂಥಿಯು ಹೊರಡಿಸುವ ಆಜ್ಞೆ. "ರಕ್ತದಲ್ಲಿ ಸಕ್ಕರೆ ಬಂದಿದೆ, ಒಳಗೆ ತೆಗೆದುಕೊಳ್ಳಿ" ಎಂದು ಅದು ಸ್ನಾಯುಗಳಿಗೂ ಯಕೃತ್ತಿಗೂ ಹೇಳುತ್ತದೆ. ಶಿಸ್ತಿನ ತರಗತಿಯಲ್ಲಿ ಮೆಲ್ಲನೆ ಹೇಳಿದರೆ ಸಾಕು. ಹೊಟ್ಟೆಯೊಳಗೆ, ಯಕೃತ್ತಿನಲ್ಲಿ, ಸ್ನಾಯುಗಳಲ್ಲಿ ಸಲ್ಲದ ಕೊಬ್ಬು ಸೇರಿತೆಂದರೆ ತರಗತಿಯಲ್ಲಿ ಗದ್ದಲ ಹೆಚ್ಚುತ್ತದೆ, ಮೇಷ್ಟರು ದನಿಯೇರಿಸಬೇಕಾಗುತ್ತದೆ. ದನಿಯೇರಿಸಿದಾಗ ಕೆಲಸ ನಡೆಯುತ್ತದೆ. ಹೊರಗೆ ನಿಂತು ನೋಡುವ ಇನ್‌ಸ್ಪೆಕ್ಟರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸಕ್ಕರೆಯ ಅಂಕಿ ಇನ್ನೂ ಮಾಮೂಲಾಗಿದೆ. ಆದರೆ ವರುಷಗಟ್ಟಲೆ ಕೂಗಿದ ಗಂಟಲು ಕೊನೆಗೊಂದು ದಿನ ಕಟ್ಟುತ್ತದೆ. ಆ ದಿನವನ್ನೇ ನಾವು ಸಕ್ಕರೆ ಕಾಯಿಲೆ ಆರಂಭವಾದ ದಿನವೆಂದು ಬರೆದುಕೊಳ್ಳುತ್ತೇವೆ. ಗಂಟಲು ಕೆಡಲು ತೊಡಗಿ ಅದಾಗಲೇ ಹತ್ತು ವರುಷ ಸಂದಿದ್ದರೂ ಸಂದಿರಬಹುದು. ಆ ಅವಧಿಯಲ್ಲಿಯೇ ಯಕೃತ್ತು ಹೆಚ್ಚಿನ ಕೊಬ್ಬನ್ನು ರಕ್ತಕ್ಕೆ ಸುರಿಯುತ್ತಿರುತ್ತದೆ, ರಕ್ತನಾಳಗಳ ಒಳಮೈ ಒರಟಾಗುತ್ತಿರುತ್ತದೆ, ಒತ್ತಡ ಏರುತ್ತಿರುತ್ತದೆ. ಆದ್ದರಿಂದ ಹೃದಯದ ಪೆಟ್ಟು ಸಕ್ಕರೆ ಕಾಯಿಲೆಗಾಗಿ ಕಾದು ನಿಲ್ಲುವುದಿಲ್ಲ. ಎಷ್ಟೋ ವೇಳೆ ಅದಕ್ಕಿಂತ ಮೊದಲೇ ಬಂದುಬಿಡುತ್ತದೆ.

"ನಾನು ತೆಳ್ಳಗಿದ್ದೇನೆ, ಇದು ದಪ್ಪಗಿರುವವರ ಮಾತು" ಎಂದು ಕೆಲವರು ರೇಡಿಯೋದ ಕಿವಿ ತಿರುಪಲು ಹೊರಟಿರಬಹುದು. ಒಂದು ಗಳಿಗೆ ತಾಳಿ. ೨೦೦೪ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಭಾವಚಿತ್ರ ಅಚ್ಚಾಯಿತು. ಒಬ್ಬರು ಪುಣೆಯ ಚಿತ್ತರಂಜನ ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲಿ ಇಬ್ಬರದೂ ಒಂದೇ ಅಂಕಿ, ೨೨.೩. ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ನೂರಕ್ಕೆ ೯.೧, ಯಾಜ್ಞಿಕರ ದೇಹದಲ್ಲಿ ನೂರಕ್ಕೆ ೨೧.೨! ತೆಳುವಾದ ಕೈಕಾಲು, ಒಳಗೆ ಅಡಗಿದ ಕೊಬ್ಬು: ನಮ್ಮ ದೇಶದ ಎಷ್ಟೋ ಮಂದಿಯ ಮೈಕಟ್ಟು ಇದು. ತಕ್ಕಡಿ ಇದನ್ನು ಹೇಳದು. ಅಳತೆಯ ಪಟ್ಟಿ ಹೇಳುತ್ತದೆ.

ಇದಕ್ಕೆ ಕಾರಣವನ್ನು ಹುಡುಕಿ ಹೊರಟ ವಿಜ್ಞಾನಿಗಳಿಗೆ ಒಂದು ದಾರಿ ತೋರಿಸಿದ್ದು ನಮ್ಮ ಮೈಸೂರು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ೧೯೩೪ರಿಂದ ಹುಟ್ಟಿದ ಶಿಶುಗಳ ತೂಕವನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ೧೯೩೪ರಿಂದ ೧೯೫೪ರವರೆಗೆ ಅಲ್ಲಿ ಹುಟ್ಟಿ, ಅಷ್ಟರಲ್ಲಿ ನಡುವಯಸ್ಸು ತಲಪಿದ್ದ ೫೧೭ ಜನರನ್ನು ಹುಡುಕಿ ಪರೀಕ್ಷಿಸಲಾಯಿತು. ಫಲಿತಾಂಶ ೧೯೯೬ರಲ್ಲಿ ಪ್ರಕಟವಾಯಿತು. ಹುಟ್ಟಿದಾಗ ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದಯದ ರಕ್ತನಾಳಗಳ ರೋಗ ನೂರಕ್ಕೆ ೧೧ ಮಂದಿಗೆ. ಏಳು ಪೌಂಡು ಅಥವಾ ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ ೩ ಮಂದಿಗೆ. ಗರ್ಭದಲ್ಲಿ ಕೊರತೆಯನ್ನುಂಡ ದೇಹ ಮಿತವ್ಯಯವನ್ನು ಕಲಿತು ಹುಟ್ಟುತ್ತದೆ. ಮುಂದೆ ಸಮೃದ್ಧಿ ಬಂದಾಗ ಖರ್ಚುಮಾಡಲು ತಿಳಿಯದೆ ಹೊಟ್ಟೆಯಲ್ಲಿ ಹೂತಿಡುತ್ತದೆ ಎಂಬುದು ಇದಕ್ಕೆ ವಿದ್ವಾಂಸರು ಕೊಡುವ ವ್ಯಾಖ್ಯಾನ. ಹೆಸರೇ ಗೊತ್ತಿಲ್ಲದ ದಾದಿಯರು ದಿನದಿನವೂ ನಿಷ್ಠೆಯಿಂದ ಬರೆದ ಅಂಕಿಗಳು ಅರವತ್ತು ವರುಷಗಳ ಮೇಲೆ ಲೋಕಕ್ಕೆ ಪಾಠ ಹೇಳಿದವು. ಗರ್ಭಿಣಿಯ ಊಟ ಮುಂದಿನ ತಲೆಮಾರಿನ ಹೃದಯದ ಊಟವೂ ಹೌದು ಎಂಬುದನ್ನು ಮನೆಯ ಹಿರಿಯರು ಮರೆಯಬಾರದು.

ಹುಟ್ಟಿನಲ್ಲಿ ಬಂದದ್ದನ್ನು ನಾವು ತಿದ್ದಲಾರೆವು. ಹಾಗಾದರೆ ಈಗ ತಿದ್ದಬಹುದಾದದ್ದು ಉಂಟೆ? ಉಂಟು, ಇದಕ್ಕೆ ಪ್ರಮಾಣ ನಾಲ್ಕು ದೇಶಗಳಿಂದ ದೊರೆತಿದೆ. ಚೀನಾ ದೇಶದ ಡಾಚಿಂಗ್ ಎಂಬ ಪಟ್ಟಣದಲ್ಲಿ ೧೯೮೬ರಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತಿದ್ದ ೫೭೭ ಮಂದಿಯನ್ನು ಗುಂಪು ಮಾಡಿ, ಕೆಲವರಿಗೆ ಆಹಾರ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡನ್ನೂ ಆರು ವರುಷ ಅಭ್ಯಾಸ ಮಾಡಿಸಿದರು. ಮೂವತ್ತು ವರುಷದ ಮೇಲೆ ಲೆಕ್ಕ ನೋಡಿದಾಗ, ಅಭ್ಯಾಸ ಮಾಡಿದವರಲ್ಲಿ ಸಕ್ಕರೆ ಕಾಯಿಲೆ ಸುಮಾರು ನಾಲ್ಕು ವರುಷ ತಡವಾಗಿ ಬಂದಿತ್ತು; ಹೃದಯಾಘಾತ, ಪಾರ್ಶ್ವವಾಯುಗಳೂ ಕಡಿಮೆಯಾಗಿದ್ದವು; ಆಯುಸ್ಸು ಸುಮಾರು ಒಂದೂವರೆ ವರುಷ ಹೆಚ್ಚಿತ್ತು. ಫಿನ್ಲೆಂಡಿನಲ್ಲಿ ೫೨೨ ಜನರ ಮೇಲೆ ನಡೆದು ೨೦೦೧ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯ ಸಂಭವ ನೂರಕ್ಕೆ ೫೮ರಷ್ಟು ಇಳಿಯಿತು. ಮರುವರುಷವೇ ಅಮೆರಿಕದ ಫಲಿತಾಂಶ ಬಂದಿತು. ಅಲ್ಲಿ ೩,೨೩೪ ಮಂದಿ. ವಾರಕ್ಕೆ ೧೫೦ ನಿಮಿಷ ಚುರುಕಾಗಿ ನಡೆದು, ಮೈತೂಕದಲ್ಲಿ ನೂರಕ್ಕೆ ಏಳರಷ್ಟನ್ನು ಇಳಿಸುವ ಗುರಿ ಹೊತ್ತವರಲ್ಲಿ ರೋಗಸಂಭವ ಅಲ್ಲಿಯೂ ನೂರಕ್ಕೆ ೫೮ರಷ್ಟು ಕಡಿಮೆ; ಮೆಟ್‌ಫಾರ್ಮಿನ್ ಎಂಬ ಮಾತ್ರೆ ನುಂಗಿದವರಲ್ಲಿ ೩೧ರಷ್ಟು ಕಡಿಮೆ. ಕಾಲು ಮಾತ್ರೆಯನ್ನು ಮೀರಿಸಿತು! ಇನ್ನೊಂದು ವಿಶೇಷವೆಂದರೆ, ಅಮೆರಿಕದ ಈ ಪರೀಕ್ಷೆಗೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಲಕ್ಷಣಕೂಟವಿತ್ತು. ಇಲ್ಲದವರಲ್ಲಿ ಅದು ಹೊಸದಾಗಿ ತಲೆದೋರುವುದನ್ನೂ ನಡಿಗೆ ಮತ್ತು ಪಥ್ಯ ನೂರಕ್ಕೆ ೪೧ರಷ್ಟು ತಗ್ಗಿಸಿದವು.

ನಾಲ್ಕನೆಯದು ನಮ್ಮ ದೇಶದ್ದೇ. ಚೆನ್ನೈನ ಡಾಕ್ಟರ್ ರಾಮಚಂದ್ರನ್ ಮತ್ತು ಅವರ ಸಂಗಡಿಗರು ೫೩೧ ಮಂದಿಯನ್ನು ಮೂರು ವರುಷ ಗಮನಿಸಿ ೨೦೦೬ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಮೂಲು ಸಲಹೆಯಷ್ಟೇ ಪಡೆದವರಲ್ಲಿ ನೂರಕ್ಕೆ ೫೫ ಮಂದಿಗೆ ಸಕ್ಕರೆ ಕಾಯಿಲೆ ಬಂದಿತ್ತು. ಊಟ ನಡಿಗೆಗಳನ್ನು ತಿದ್ದಿಕೊಂಡವರಲ್ಲಿ ೩೯ ಮಂದಿಗೆ. ಇವರ ತೂಕವೇನೂ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ ಎಂಬುದು ಗಮನಾರ್ಹ. ತಕ್ಕಡಿ ಕದಲದಿದ್ದರೂ ನಡಿಗೆ ತನ್ನ ಕೆಲಸವನ್ನು ಮಾಡಿತ್ತು. ಮೂವತ್ತೊಂಬತ್ತು ಮಂದಿಗೆ ಬಂದೇ ಬಂದಿತಲ್ಲ ಎನ್ನುವಿರೇನೊ. ಹೌದು, ಇದು ವರಪ್ರಸಾದವಲ್ಲ, ಬೇಸಾಯ. ಮಳೆಯನ್ನು ರೈತ ಆಳಲಾರ, ಆದರೂ ಉಳುವುದನ್ನು ಬಿಡುವುದಿಲ್ಲ. ೨೦೨೩ರಲ್ಲಿ ಪ್ರಕಟವಾದ ಅಖಿಲ ಭಾರತ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು ಹತ್ತು ಕೋಟಿ; ಹೊಸ್ತಿಲಲ್ಲಿ ನಿಂತವರು ಹದಿಮೂರೂವರೆ ಕೋಟಿ. ಈ ಹದಿಮೂರೂವರೆ ಕೋಟಿಯಲ್ಲಿ ನೂರಕ್ಕೆ ಹದಿನಾರು ಮಂದಿ ಪಾರಾದರೂ ಎಷ್ಟು ಸಂಸಾರಗಳು ಉಳಿದುವೆಂದು ನೀವೇ ಗುಣಿಸಿ ನೋಡಿ.

ಪ್ರಾಚೀನರು ಇದನ್ನು ಅರಿಯದೆ ಇರಲಿಲ್ಲ. ಚರಕರು ಪ್ರಮೇಹದ ಕಾರಣಗಳನ್ನು ಹೇಳುವಾಗ ಕುಳಿತಿರುವ ಸುಖ, ಮಲಗಿರುವ ಸುಖಗಳನ್ನು ಮುಂದಿಟ್ಟು, ಮೊಸರು, ಹೊಸ ಅಕ್ಕಿ, ಬೆಲ್ಲದ ಪದಾರ್ಥಗಳನ್ನು ಆಮೇಲೆ ಹೇಳುತ್ತಾರೆ. ಸುಶ್ರುತರು ಹುಟ್ಟಿನಿಂದ ಬರುವ ಪ್ರಮೇಹ ಬೇರೆ, ಅಪಥ್ಯದಿಂದ ಬರುವುದು ಬೇರೆ ಎಂದು ವಿಂಗಡಿಸಿ, ರೋಗಿಯು ಮುನಿಯಂತೆ ಬದುಕುತ್ತ ನೂರು ಯೋಜನ ನಡೆಯಬೇಕು, ಶ್ಯಾಮಾಕವೇ ಮೊದಲಾದ ಧಾನ್ಯಗಳನ್ನು ಉಣ್ಣಬೇಕು, ಬಾವಿ ತೋಡಬೇಕು ಎಂದೆಲ್ಲ ವಿಧಿಸುತ್ತಾರೆ. ಶ್ಯಾಮಾಕ ಎಂಬ ಪದವೇ ನಮ್ಮಲ್ಲಿ ತದ್ಭವವಾಗಿ ಸಾಮೆಯಾಯಿತು. ಪಟ್ಟಣದ ಮನೆಯಲ್ಲಿ ಬಾವಿ ತೋಡಲು ಹಿತ್ತಲಿಲ್ಲ, ನಿಜ. ಆದರೂ ಶಾಸ್ತ್ರದ ಅಭಿಪ್ರಾಯ ಸ್ಪಷ್ಟವಾಗಿದೆ: ಕೂತ ಸುಖವೇ ಮೊದಲ ಶತ್ರು.

ಇನ್ನು ನಮ್ಮ ಮನೆಗೆ ಬರೋಣ. ಊಟದ ಎಲೆಯನ್ನೇ ನೋಡಿ. ನಡುವೆ ಅನ್ನದ ಗುಡ್ಡ, ಪಕ್ಕದಲ್ಲಿ ಚಮಚದಷ್ಟು ಪಲ್ಯ, ತಿಳಿಯಾದ ಸಾರು, ಕೊನೆಗೆ ಮತ್ತೆ ಮೊಸರನ್ನ. ನಮ್ಮ ದೇಶದವರ ಆಹಾರಶಕ್ತಿಯಲ್ಲಿ ಐದರಲ್ಲಿ ಮೂರು ಪಾಲು ಹಿಟ್ಟಿನಂಶ ಮತ್ತು ಸಕ್ಕರೆಗಳಿಂದಲೇ ಬರುತ್ತದೆ. ಇದನ್ನು ತಿರುವಿ ಬಡಿಸಿಕೊಳ್ಳಬೇಕು: ಎಲೆಯ ಅರ್ಧ ಪಲ್ಯ, ಸೊಪ್ಪು, ಕೋಸಂಬರಿ, ಕಾಲು ಭಾಗ ಬೇಳೆ, ಕಾಳು, ಮೊಸರು, ತಿನ್ನುವವರಿಗೆ ಮೀನು ಮೊಟ್ಟೆ, ಉಳಿದ ಕಾಲರಲ್ಲಿ ಅನ್ನವೋ ಮುದ್ದೆಯೋ ಚಪಾತಿಯೋ. ರಾಗಿಯ ವಿಷಯದಲ್ಲಿ ಒಂದು ಮಾತು. ರಾಗಿ ಒಳ್ಳೆಯದು, ನಾರಿನಂಶ ಬಿಳಿ ಅಕ್ಕಿಗಿಂತ ಹೆಚ್ಚು. ಆದರೆ ಅದು ಮಂತ್ರವಲ್ಲ. ತೆಂಗಿನಕಾಯಿ ಗಾತ್ರದ ಮುದ್ದೆ ನುಂಗಿ ಪಥ್ಯ ಮಾಡಿದೆವೆಂದುಕೊಳ್ಳಬಾರದು. ಸಣ್ಣಗೆ ಜರಡಿ ಹಿಡಿದು ಕಾಸಿದ ಗಂಜಿಯಂತೂ ಬೇಗನೆ ಸಕ್ಕರೆಯಾಗಿಬಿಡುತ್ತದೆ.

ಕಾಫಿಯ ಲೆಕ್ಕವನ್ನು ಮಾಡೋಣ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ಐದು ಗ್ರಾಂ. ದಿನಕ್ಕೆ ೪೦ ಗ್ರಾಂ, ತಿಂಗಳಿಗೆ ೧,೨೦೦ ಗ್ರಾಂ, ವರುಷಕ್ಕೆ ಹದಿನಾಲ್ಕೂವರೆ ಕಿಲೋ. ಒಬ್ಬರಿಗೆ! ಹೊರಗಿನಿಂದ ಬೆರೆಸುವ ಸಕ್ಕರೆ ದಿನಕ್ಕೆ ೨೫ ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಸೂಚಿಸಿತು. ಸಿಹಿತಿಂಡಿ, ಬಿಸ್ಕತ್ತು, ಬಾಟಲಿಯ ಪಾನಕಗಳು ಈ ಲೆಕ್ಕಕ್ಕೆ ಇನ್ನೂ ಸೇರಿಲ್ಲ. ವಾರಕ್ಕೆ ಅರ್ಧರ್ಧ ಚಮಚ ಇಳಿಸುತ್ತ ಹೋದರೆ ನಾಲಗೆ ಜಗಳವಾಡದೆ ಒಪ್ಪಿಕೊಳ್ಳುತ್ತದೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದೆವೆಂದು ಸಮಾಧಾನಪಡುವವರು, ಅವೆರಡೂ ಒಂದೇ ಕಬ್ಬಿನ ಮಕ್ಕಳೆಂಬುದನ್ನು ನೆನೆಯಬೇಕು. ಉಪ್ಪು ಎಲ್ಲ ಸೇರಿ ದಿನಕ್ಕೆ ಐದು ಗ್ರಾಂ, ಒಂದು ಚಿಕ್ಕ ಚಮಚ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿಗಳು ಎಲೆಯ ತುದಿಯಲ್ಲಿ ಅಲಂಕಾರವಾಗಿದ್ದರೆ ಸೊಗಸು, ಊಟವಾಗಬಾರದು. ಕರಿದ ಎಣ್ಣೆಯನ್ನು ಮರುದಿನ ಮತ್ತೆ ಕಾಸುವ ಮಿತವ್ಯಯ ಬೇಡ.

ನಡಿಗೆಗೆ ಬರುತ್ತೇನೆ. ದುಡಿಯುವ ಸ್ನಾಯು ಇನ್ಸುಲಿನ್ನಿನ ಕೂಗಿಗೆ ಕಾಯದೆ ತಾನೇ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ; ಆಟವಾಡಿ ಬಂದ ಹುಡುಗರು ಮೆಲುದನಿಯ ಪಾಠಕ್ಕೂ ಕಿವಿಗೊಡುವಂತೆ, ಆ ಹೊತ್ತಿನ ಮೇಲೆಯೂ ದೇಹ ಇನ್ಸುಲಿನ್ನಿನ ಮಾತನ್ನು ಚೆನ್ನಾಗಿ ಕೇಳುತ್ತದೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ಮಾತಾಡಬಹುದು, ಹಾಡಲಾಗದು, ಅಷ್ಟು ಚುರುಕಾಗಿ. ಒಮ್ಮೆಗೇ ಆಗದಿದ್ದರೆ ಮೂರೂ ಹೊತ್ತಿನ ಊಟದ ಮೇಲೆ ಹತ್ತು ಹತ್ತು ನಿಮಿಷ. ಉಂಡೊಡನೆ ನಡೆದರೆ ಸಕ್ಕರೆ ಏರುವುದೂ ತಗ್ಗುತ್ತದೆ. ಇದಲ್ಲದೆ ವಾರಕ್ಕೆರಡು ದಿನ ಸ್ನಾಯುಗಳಿಗೆ ಭಾರದ ಕೆಲಸ ಕೊಡಬೇಕು. ಕೊಡದಲ್ಲಿ ನೀರು ಹೊರುವುದು, ಕುರ್ಚಿಯಿಂದ ಕೈಯೂರದೆ ಹತ್ತು ಬಾರಿ ಏಳುವುದು, ಇಂಥವು. ರೇಡಿಯೋ ಕೇಳುವುದಕ್ಕೆ ಕುಳಿತೇ ಇರಬೇಕೆಂಬ ನಿಯಮವಿಲ್ಲ. ವಾರ್ತೆಗಳನ್ನು ಅಂಗಳದಲ್ಲಿ ಅಡ್ಡಾಡುತ್ತ ಕೇಳಿದರೂ ಲೋಕದ ಸುದ್ದಿ ಬದಲಾಗುವುದಿಲ್ಲ.

ತಾಯಂದಿರಿಗೆ ಎರಡು ಮಾತು ಹೇಳಲೇಬೇಕು. ಮನೆಯಲ್ಲಿ ಎಲ್ಲರ ಪಥ್ಯವನ್ನು ನೋಡುವವರು ನೀವು. ನಿಮ್ಮದನ್ನು ನೋಡುವವರು ಯಾರು? ಎಲ್ಲರೂ ಉಂಡ ಮೇಲೆ ಉಳಿದ ಅನ್ನ ಕೆಡಬಾರದೆಂದು ಉಣ್ಣುವುದು, ಬೀಸುವ ಕಲ್ಲು ಒರಳುಗಳು ಮೂಲೆ ಸೇರಿದ ಮೇಲೆ ಆ ದುಡಿಮೆಗೆ ಬದಲು ಯಾವುದೂ ಬಾರದಿರುವುದು, 'ನನಗೇನಾಗಿದೆ' ಎಂದು ಪರೀಕ್ಷೆಯನ್ನು ಮುಂದೂಡುವುದು, ಈ ಮೂರೂ ಕೂಡಿ ಸೊಂಟದ ಅಳತೆಯನ್ನು ಹೆಚ್ಚಿಸುತ್ತವೆ. ಬಸುರಿನಲ್ಲಿ ಸಕ್ಕರೆ ಏರಿದ್ದವರು ಹೆರಿಗೆಯ ಮೇಲೆ ಅದು ಇಳಿದರೂ ವರುಷ ವರುಷ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮನೆಯ ಯಜಮಾನರೂ ಮಕ್ಕಳೂ ಕೇಳಿಸಿಕೊಳ್ಳಿ: ಆಕೆ ಸಂಜೆ ಅರ್ಧ ಗಂಟೆ ನಡೆಯಲು ಹೊರಡಬೇಕಾದರೆ ಆ ಅರ್ಧ ಗಂಟೆ ಒಲೆಯ ಮುಂದೆ ಬೇರೊಬ್ಬರು ನಿಲ್ಲಬೇಕು. ಪಥ್ಯವೆಂಬುದು ಒಬ್ಬರ ವ್ರತವಾದರೆ ನಿಲ್ಲದು. ಮನೆಯ ಪದ್ಧತಿಯಾದರೆ ನಿಲ್ಲುತ್ತದೆ.

ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಇಂದೇ ಬಿಡಬೇಕು. ಕೂಟ ನೆರೆದ ದೇಹದಲ್ಲಿ ಹೊಗೆ ಎಂದರೆ ಒಣಹುಲ್ಲಿನ ಮೆದೆಯ ಬಳಿ ಕಿಡಿ. ಏಳು ಗಂಟೆಯ ನಿದ್ದೆ ಬೇಕು. ನಡಿಗೆಯಿಂದಲೇ ಎಲ್ಲ ಸರಿಹೋಯಿತೆಂದು ರಕ್ತದೊತ್ತಡದ, ಕೊಲೆಸ್ಟರಾಲಿನ ಮಾತ್ರೆಗಳನ್ನು ತಾವಾಗಿ ನಿಲ್ಲಿಸುವುದು ಅಪಾಯ. ಯಾರಿಗೆ ಯಾವ ಮಾತ್ರೆ ಬೇಕು, ಬೇಡ ಎಂಬುದು ವೈದ್ಯರ ತೀರ್ಮಾನ. ಪಕ್ಕದ ಮನೆಯವರ ಚೀಟಿ ನಿಮಗಲ್ಲ. ಬೇರು, ಪುಡಿ, ಕಷಾಯಗಳಿಂದ ಹದಿನೈದು ದಿನದಲ್ಲಿ ಸಕ್ಕರೆ ಮಾಯವೆಂದು ಹೇಳುವವರು ಬಂದರೆ ನೀರು ಮಜ್ಜಿಗೆ ಕೊಟ್ಟು ಕಳುಹಿಸಿ. ಎದೆಯಲ್ಲಿ ಹಿಂಡಿದಂತೆ ನೋವು ಬಂದು ಎಡತೋಳಿಗೋ ದವಡೆಗೋ ಹರಿದರೆ, ತಣ್ಣನೆಯ ಬೆವರು ಬಂದರೆ, ಅಜೀರ್ಣವೆಂದು ಜೀರಿಗೆ ಕಷಾಯ ಕಾಸುತ್ತ ಕೂರದೆ ೧೦೮ಕ್ಕೆ ಕರೆಮಾಡಿ. ಹೆಂಗಸರಲ್ಲಿಯೂ ಸಕ್ಕರೆ ಕಾಯಿಲೆಯವರಲ್ಲಿಯೂ ನೋವಿಲ್ಲದೆ ಬರಿಯ ಏದುಸಿರು, ಸುಸ್ತುಗಳೇ ಕಾಣಬಹುದೆಂಬುದು ನೆನಪಿರಲಿ.

ಇಷ್ಟು ಕೇಳಿದ ಮೇಲೆ ಮಾಡತಕ್ಕ ಮೊದಲ ಕೆಲಸಕ್ಕೆ ಕಾಸಿನ ಖರ್ಚಿಲ್ಲ. ಹೊಲಿಗೆ ಪೆಟ್ಟಿಗೆಯಿಂದ ಅಳತೆಯ ಪಟ್ಟಿಯನ್ನು ತೆಗೆಯಿರಿ. ನೆಟ್ಟಗೆ ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲುತುದಿಗೂ ನಡುವಿನಲ್ಲಿ ಸುತ್ತಿ, ಉಸಿರನ್ನು ಸಹಜವಾಗಿ ಬಿಟ್ಟು, ಹೊಟ್ಟೆಯನ್ನು ಒಳಗೆಳೆದುಕೊಳ್ಳದೆ ಅಂಕಿಯನ್ನು ನೋಡಿ. ಪಂಚೆ ಸೀರೆಗಳು ದಾಕ್ಷಿಣ್ಯದ ಉಡುಪುಗಳು. ಹೊಟ್ಟೆ ಬೆಳೆದಷ್ಟೂ ತಾವೇ ಸರಿದುಕೊಂಡು ಜಾಗ ಕೊಡುತ್ತವೆ. ಪಟ್ಟಿಗೆ ದಾಕ್ಷಿಣ್ಯವಿಲ್ಲ. ಉಳಿದ ನಾಲ್ಕು ಅಂಕಿಗಳಿಗೆ ವೈದ್ಯರಲ್ಲಿಗೆ ಹೋಗಬೇಕು. ರಕ್ತದೊತ್ತಡ ಮತ್ತು ಸಕ್ಕರೆಗಳನ್ನು ಮೂವತ್ತು ವರುಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಹಣವಿಲ್ಲದೆಯೇ ನೋಡುತ್ತಾರೆ. ಐದನ್ನೂ ಒಂದೇ ಹಾಳೆಯಲ್ಲಿ ಒಂದರ ಕೆಳಗೊಂದು ಬರೆದು, ದಿನಾಂಕ ಹಾಕಿ, ಗೋಡೆಯ ಪಂಚಾಂಗದ ಹಿಂದೆ ಸಿಕ್ಕಿಸಿಡಿ. ಆರು ತಿಂಗಳ ಮೇಲೆ ಅದರ ಪಕ್ಕದಲ್ಲಿಯೇ ಹೊಸ ಅಂಕಿಗಳನ್ನು ಬರೆಯಿರಿ. ಮನೆಯಲ್ಲಿ ಎಷ್ಟು ಮಂದಿ ವಯಸ್ಕರಿದ್ದಾರೋ ಅಷ್ಟು ಹಾಳೆಗಳಿರಲಿ. ಸಂಜೆಯ ಅಡುಗೆಗೆ ಇನ್ನೂ ಹೊತ್ತಿದ್ದರೆ, ಬೀದಿಯ ಕೊನೆಯವರೆಗೆ ಜೊತೆಯಾಗಿ ಒಮ್ಮೆ ನಡೆದು ಬನ್ನಿ.